ಒಳಗಿನಿಂದ ತೆರೆಯುವ ಬಾಗಿಲು

ಎಲ್ಬೆ ನದಿ ಇನ್ನೂ ಪುಟ್ಟ ಹುಡುಗಿಯಾಗಿದ್ದ ಕಾಲದಲ್ಲಿ ಮೂವರು ಚಳಿಯಣ್ಣಂದಿರಿದ್ದರಂತೆ. ಪ್ರತಿ ಮೇ ತಿಂಗಳಲ್ಲಿ ಹೆಣ್ಣು ನೋಡಲು ನಮ್ಮ ತೋಟಗಳಿಗೆ ಬರುತ್ತಿದ್ದರಂತೆ. ಅವರು ಕೆನ್ನೆ ಮುಟ್ಟಿದ ಹೂವು ಬೆಳಗಾಗುವಷ್ಟರಲ್ಲಿ ಕಪ್ಪು. ಒಂದು ಸೇಬಿನ ಮರ ಮಾತ್ರ ಮೈಮೇಲೆ ನೀರು ಸುರಿದುಕೊಂಡು, ಹಿಮದ ಅಂಗಿ ತೊಟ್ಟು ನಿಂತಿತಂತೆ. ‘ಇವಳು ಆಗಲೇ ನಮ್ಮ ಮನೆ ಸೊಸೆ’ ಎಂದುಕೊಂಡು ಅಣ್ಣಂದಿರು ಮುಂದೆ ಹೋದರಂತೆ.

ಈ ಕಥೆ ಮುಗಿಸಿದಾಗಲೆಲ್ಲ ಅಜ್ಜಿ ನನ್ನಿಂದ ಒಂದು ಮಾತು ತೆಗೆದುಕೊಳ್ಳುತ್ತಿದ್ದಳು. ನಮ್ಮ ಮನೆಯ ಮುಂಗೋಡೆಯಲ್ಲಿ ಮದುಮಗಳ ಬಾಗಿಲಿದೆ. ಹೊರಗಡೆ ಹಿಡಿಯಿಲ್ಲ, ಒಳಗಿನಿಂದಷ್ಟೇ ತೆರೆಯುತ್ತದೆ. ಮದುವೆಯಾಗಿ ಬಂದವಳು ಅದರಿಂದ ಒಳಗೆ, ಸತ್ತವರು ಅದರಿಂದ ಹೊರಗೆ. ಕೊನೆಯ ಸಲ ಅದು ತೆರೆದದ್ದು ತಾತನಿಗೆ.

“ಮುಂದಿನ ಸಲ ಅದು ನನ್ನ ಹೆಣಕ್ಕೆ ತೆರೀಬಾರದು ಕಣೇ ವೀಬ್ಕೆ. ಮದುವೆಗೇ ತೆರೀಬೇಕು. ತೆರೀತೀನಿ ಅಂತ ಮಾತು ಕೊಡು.”

ಕೊಟ್ಟಿದ್ದೆ. ಆದರೆ ಮನೆಯಲ್ಲಿ ಮದುವೆಗಿದ್ದವಳು ನಾನೊಬ್ಬಳೇ. ಒಳಗೇ ಇರುವವಳು ಒಳಗೆ ಬರುವುದು ಹೇಗೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಆ ವರ್ಷ ಮೇ ತಿಂಗಳ ಒಂದು ಸಂಜೆ ರೇಡಿಯೋ ಹೇಳಿತು: ರಾತ್ರಿ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ, ಗಾಳಿಯಿಲ್ಲ, ಮೋಡವಿಲ್ಲ. ಈ ವಾರವೂ ಮಳೆಯಿಲ್ಲ. ಮಾರ್ಚ್‌ನಿಂದ ಹನಿ ಬಿದ್ದಿರಲಿಲ್ಲ. ಪಂಪಿಗೆ ನೀರು ಕೊಡುವ ನಮ್ಮ ಹೊಂಡದಲ್ಲಿ ಬಾತುಕೋಳಿಗಳು ಈಜುವುದು ಬಿಟ್ಟು ನಡೆದಾಡುತ್ತಿದ್ದವು. ರಾತ್ರಿಯಿಡೀ ಮರಗಳ ಮೇಲೆ ನೀರು ಚಿಮ್ಮಿಸುತ್ತಿದ್ದರೆ ಅದು ಹಿಮದ ಪೊರೆಯಾಗಿ ಒಳಗಿನ ಹೂವನ್ನು ಕಾಯುತ್ತದೆ. ಆದರೆ ಸ್ಪ್ರಿಂಕ್ಲರ್ ಒಮ್ಮೆ ಹಾಕಿದರೆ ಬಿಸಿಲಿಗೆ ಹಿಮ ಕರಗುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಒದ್ದೆ ಹೂವು ಒಣ ಹೂವಿಗಿಂತ ಬೇಗ ಸಾಯುತ್ತದೆ. ಹಾಕಬೇಡಿ ಎಂದೇ ಊರೆಲ್ಲ ಹೇಳಿತು. ಈ ಸಲದ ಹೂವೂ ಹೋದರೆ ತೋಟ ಪಕ್ಕದವರ ಪಾಲು. ಮಾರಿಬಿಡಿ ಎಂದು ಅವರು ಕೇಳುತ್ತಲೇ ಇದ್ದರು.

ಪಕ್ಕದವರ ಮಗ ಹಿನ್ರಿಕ್ ಆಗಲೇ ಎರಡು ತೋಟಗಳ ನಡುವಿನ ಬತ್ತಿದ ಕಾಲುವೆಯಂಚಿನಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದ. ನನ್ನ ಮೈ ಉರಿಯಿತು.

“ಏನಪ್ಪಾ, ಅಪ್ಪನಿಗೆ ಅಳತೆ ಬೇಕಂತಾ? ನಮ್ಮ ಹೂವು ಇನ್ನೂ ಸತ್ತಿಲ್ಲ.”

ಅವನ ಕಿವಿ ಕೆಂಪಾಯಿತು. “ಸ್ಪ್ರಿಂಕ್ಲರ್ ಹಾಕ್ತೀಯಾ?”

“ಹಾಕ್ದೇ ಬಿಡ್ತೀನಾ?”

“ನಿಮ್ಮ ನೀರು ಬೆಳಗಿನ ತನಕ ಬರಲ್ಲ. ಶುರು ಮಾಡಿದ್ಮೇಲೆ ನಿಲ್ಲಿಸೋ ಹಾಗಿಲ್ಲ.”

“ನಿಲ್ಲಿಸೋ ಮಾತು ನೀನು ಆಡ್ಬೇಡ. ವರ್ಷಗಟ್ಟಲೆ ಆ ದಡದಲ್ಲಿ ನಿಂತು ನನ್ನ ನೋಡ್ತೀಯ, ಏನಾದ್ರೂ ಶುರು ಮಾಡಿದೀಯಾ?”

ಅವನು ಟೋಪಿ ತೆಗೆದ, ತಿರುಗಿಸಿದ, ಮತ್ತೆ ಹಾಕಿಕೊಂಡ. ಕಣ್ಣು ಮಾತ್ರ ನನ್ನ ಮೇಲಿಂದ ಏಳಲಿಲ್ಲ. ಆಮೇಲೆ ಹೊರಟುಹೋದ. ನನಗೆ ಅಳು ಬಂತು, ಅಳಲಿಲ್ಲ.

ಕತ್ತಲಾದ ಮೇಲೆ ಅಜ್ಜಿ ಶಾಲು ಹೊದ್ದು ಬಂದು ತಾನೇ ಪಂಪಿನ ಸ್ವಿಚ್ ಒತ್ತಿದಳು. “ರೇಡಿಯೋ ಹೇಳಿದ್ದನ್ನ ನಾವು ಕೇಳಿದ್ದಾಯ್ತು. ಇನ್ನು ಅದು ನಮ್ಮ ಮಾತು ಕೇಳ್ಲಿ.”

ಮೂಡಣದಲ್ಲಿ ಬೂದು ಬೆಳಕು ಕಾಣಿಸಿಕೊಳ್ಳುವಾಗ ಪಂಪು ಕೆಮ್ಮಿತು. ಸ್ಪ್ರಿಂಕ್ಲರ್‌ಗಳು ಒಂದೊಂದಾಗಿ ತಲೆ ಬಾಗಿಸಿದವು. ಇನ್ನು ಸ್ವಲ್ಪ ನೀರು ಬೇಕಿತ್ತು, ಬಿಸಿಲು ಬರುವ ತನಕ! ನಾನು ಹೊಂಡದತ್ತ ಓಡಿದೆ.

ಕಾಲುವೆಯ ಮೇಲೆ ಅಡ್ಡಕ್ಕೆ ಪೈಪು ಮಲಗಿತ್ತು. ಅದರ ಬಾಯಿಂದ ನೀರು ಭೋರೆಂದು ನಮ್ಮ ಹೊಂಡಕ್ಕೆ ಬೀಳುತ್ತಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಹಿನ್ರಿಕ್ ಪೈಪು ಹಿಡಿದು ನಿಂತಿದ್ದ; ಹುಬ್ಬಿನ ತುಂಬ ಹಿಮ.

“ಅಳತೆ ಇದಕ್ಕೆ ಕಣೇ,” ಎಂದ. “ನಮ್ಮ ಹೊಂಡದಲ್ಲಿ ಎರಡು ತೋಟಕ್ಕಾಗೋಷ್ಟು ನೀರಿದೆ.”

“ನಿಮ್ಮಪ್ಪ?”

“‘ಅವ್ರಿಗೆ ಒಂದು ಹನಿ ಕೊಟ್ರೂ ಈ ಬಾಗಿಲಿಂದ ಒಳಗೆ ಬರ್ಬೇಡ’ ಅಂದ. ‘ಸರಿ, ಬೇರೆ ಬಾಗಿಲು ನೋಡ್ಕೋತೀನಿ’ ಅಂದೆ.” ಅವನ ಹಲ್ಲು ಕಟಕಟಿಸುತ್ತಿತ್ತು. “ಶುರು ಮಾಡಿದೀನಿ, ವೀಬ್ಕೆ. ಇನ್ನು ನಿಲ್ಲಿಸೋ ಹಾಗಿಲ್ಲ.”

ಹಿಂದೆ ಪಂಪು ಮತ್ತೆ ಗಂಟಲು ಸರಿಮಾಡಿಕೊಂಡಿತು. ಸ್ಪ್ರಿಂಕ್ಲರ್‌ಗಳು ತಲೆಯೆತ್ತಿ ತಿರುಗಿದವು. ಬಿಸಿಲು ಬಂದಾಗ ತೋಟವೆಲ್ಲ ಗಾಜು. ಪ್ರತಿ ಗಾಜಿನೊಳಗೆ ನಸುಗೆಂಪು ಹೂವೊಂದು, ಜೀವಂತ. ಅವನ ಮರಗಟ್ಟಿದ ಬೆರಳುಗಳನ್ನು ನನ್ನ ಕೋಟಿನೊಳಗೆ ಬಚ್ಚಿಟ್ಟುಕೊಂಡೆ. ಕರಗಲು ಬಹಳ ಹೊತ್ತು ಹಿಡಿಯಿತು. ನಮಗೂ ಅವಸರವಿರಲಿಲ್ಲ.

ಸೇಬು ಕೊಯ್ಲು ಮುಗಿದ ಮೇಲೆ ಮದುವೆ. ಚರ್ಚಿನಿಂದ ಬಂದ ಜನ ಅಂಗಳದಲ್ಲಿ ಗುಸುಗುಸು ಶುರುಮಾಡಿದರು.

“ಗಂಡು ಮದುಮಗಳ ಬಾಗಿಲಿಂದ ಬರೋದಾ? ಎಲ್ಲಾದ್ರೂ ಉಂಟಾ?”

“ಇಲ್ಲುಂಟು,” ಎಂದಳು ಅಜ್ಜಿ, ಕುರ್ಚಿಯಿಂದ ಏಳದೆ. “ಮನೆಗೆ ಬರೋರು ಯಾರೋ ಅವರಿಗೆ ಆ ಬಾಗಿಲು. ಹೋಗೇ ವೀಬ್ಕೆ, ಕೊಟ್ಟ ಮಾತು ನಡೆಸು.”

ಹಿತ್ತಲಿನಿಂದ ಒಳಗೆ ಓಡಿದೆ. ಅಗಳಿ ತುಕ್ಕು ಹಿಡಿದಿತ್ತು, ಮರ ಉಬ್ಬಿತ್ತು. ಹೊರಗೆ ಹಿಡಿಯಿಲ್ಲದ ಆ ಬಾಗಿಲಿನಾಚೆ ಅವನ ಉಸಿರು ಕೇಳಿಸುತ್ತಿತ್ತು.

“ತಳ್ಳಲಾ?” ಎಂದ.

“ಸುಮ್ನಿರು. ಇದು ನನ್ನ ಕೆಲಸ.”

ಎರಡೂ ಕೈಯಲ್ಲಿ ಅಗಳಿ ಎಳೆದೆ. ಬಾಗಿಲು ನರಳಿತು, ಅಲುಗಿತು, ತೆರೆಯಿತು.