ಆರು ಗಂಟೆಯ ಬಿಸಿನೀರು

“ಅವನು ಬೀಡಿ ಸೇದೋನಲ್ಲ ಮೇಡಂ.”

ಲಾಡ್ಜಿನ ರೂಮುಗಳ ಉಸ್ತುವಾರಿ ನೋಡುವ ಅಕ್ಕ, ಹಾಸಿಗೆಗೆ ಬೆಡ್‌ಶೀಟ್ ಬಿಗಿಯುತ್ತಲೇ ಹೇಳಿದರು. ಮುಖ ನೋಡಿ ಹೇಳಿದ್ದರೆ ವಾದಕ್ಕಿಳಿಯುತ್ತಿದ್ದೆನೇನೋ.

“ಮತ್ತೆ ಆ ಹೊಗೆ ವಾಸನೆ ಎಲ್ಲಿಂದ ಬರತ್ತೆ ಅಕ್ಕಾ?”

“ಬೆಳಿಗ್ಗೆ ಆರಕ್ಕೆ ನಿಮಗೆ ಬಿಸಿನೀರು ಎಲ್ಲಿಂದ ಬರತ್ತೆ? ಕರೆಂಟು ಬರೋದೇ ಸಂಜೆ. ನನ್ನ ತಮ್ಮ ಐದಕ್ಕೆದ್ದು ಹಿತ್ತಲಲ್ಲಿ ಸೌದೆ ಊದ್ತಾನೆ. ಈಗ ಇಲ್ಲಿರೋ ಗೆಸ್ಟು ನೀವೊಬ್ಬರೇ.”

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ‘ಆರಕ್ಕೆ ಬಿಸಿನೀರು ಸಿಗದ ಗೆಸ್ಟು ಮತ್ತೆ ಬರಲ್ಲ’ ಎಂದು ಮೊದಲ ದಿನವೇ ಪಾಠ ಮಾಡಿದವಳು ನಾನು.

ವಾರಕ್ಕೆ ಎರಡೇ ಬಸ್ಸು ಬರುವ ಆ ಬೆಟ್ಟದ ಲಾಡ್ಜಿಗೆ, ಹದಿನಾಲ್ಕು ಮಂದಿಗೆ ಹತ್ತು ದಿನ ಟ್ರೇನಿಂಗ್ ಕೊಡಲು ಹೋಗಿದ್ದೆ. ತಟ್ಟೆ ಯಾವ ಕಡೆಯಿಂದ ಇಡಬೇಕು, ಯಾರ ಮನಸ್ಸೂ ನೋಯದ ಹಾಗೆ ‘ಇಲ್ಲ’ ಅನ್ನುವುದು ಹೇಗೆ, ಎಲ್ಲ ನಾನೇ ಹೇಳಿಕೊಟ್ಟಿದ್ದೆ.

ಎಲ್ಲರೂ ಲಂಬು ಎಂದು ಕರೆಯುವ, ಅಕ್ಕನ ಆ ತಮ್ಮ ಪಾತ್ರೆ ತೊಳೆಯುತ್ತಿದ್ದವನು. ಊಟದ ಹಾಲ್‌ನಲ್ಲಿ ಬಡಿಸಬೇಕೆಂಬುದೊಂದೇ ಅವನ ಆಸೆ. ನ್ಯಾಪ್‌ಕಿನ್ ಮಡಿಸಲು ಕಲಿಸಿದ ಮರುದಿನದಿಂದ ನನ್ನ ಟೇಬಲ್ಲಿನ ಮೇಲೆ ದಿನಕ್ಕೊಂದು ಆಕಾರ: ದೋಣಿ, ಬೀಸಣಿಗೆ, ಒಮ್ಮೆ ಸೊಟ್ಟ ಕೊಕ್ಕಿನ ಹಕ್ಕಿ.

“ಇದ್ಯಾವ ಹಕ್ಕಿ?”

“ನೀವು ಕಲಿಸಿದ್ದೇ ಮೇಡಂ. ನಿಮ್ಮದಕ್ಕೂ ಕೊಕ್ಕು ಸೊಟ್ಟಗೇ ಇತ್ತು.”

ನಗು ತಡೆದುಕೊಂಡು ಗ್ಲಾಸು ಚಾಚಿದೆ. ಅವನು ಅಭ್ಯಾಸಕ್ಕೆಂದು ನೀರು ಸುರಿಯುತ್ತ ನನ್ನನ್ನು ನೋಡಿದ, ನಾನೂ ನೋಡಿದೆ. ನನ್ನ ಬೆರಳು ಒದ್ದೆಯಾದಾಗಲೇ ಇಬ್ಬರಿಗೂ ಎಚ್ಚರ.

ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ತಲೆ, ಬಟ್ಟೆ ನೋಡುತ್ತಿದ್ದೆ. ಎಂಟನೆಯ ದಿನ ಅವನ ಮುಂದೆ ನಿಂತಾಗ ಯಾರೋ ಕಿಸಕ್ಕೆಂದರು. ನನ್ನ ಮುಖ ಬಿಸಿಯಾಯಿತು. ಅದನ್ನು ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದು ಇದು: “ಮೈಯೆಲ್ಲ ಹೊಗೆ. ಬೀಡಿ ಸೇದಿ ಬರೋರು ಊಟದ ಹಾಲ್‌ಗೆ ಬೇಡ. ಪಾತ್ರೆನೇ ತೊಳೀರಿ.”

“ಸರಿ ಮೇಡಂ” ಎಂದ. ಅಷ್ಟೇ. ಮರುದಿನ ಟೇಬಲ್ಲಿನ ಮೇಲೆ ನ್ಯಾಪ್‌ಕಿನ್ ಬರೀ ಚೌಕವಾಗಿತ್ತು. ಬಿಸಿನೀರು ಮಾತ್ರ ಆರಕ್ಕೇ ಬಂದಿತ್ತು.

ಅಕ್ಕ ಬಾಯಿಬಿಟ್ಟದ್ದು ಅದೇ ದಿನ. ತಮ್ಮನಿಗೆ ನಾಳೆ ತಡವಾಗಿ ಏಳಲು ಹೇಳಿ ಎಂದು ಅವರಲ್ಲಿ ಬೇಡಿಕೊಂಡೆ.

ಹತ್ತನೆಯ ದಿನ ಒಲೆಯ ಮುಂದೆ ಕೂತವಳು ನಾನು. ಬೆಂಕಿ ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಸ್ನಾನ ಮಾಡದೆ ನೇರವಾಗಿ ಹೋಗಿ ಸಾಲಿನಲ್ಲಿ ನಿಂತೆ.

“ಇವತ್ತು ಚೆಕ್ ಮಾಡೋದು ನೀವು,” ಎಂದು ಅವನತ್ತ ಕೈ ಚಾಚಿದೆ. ಉಗುರಲ್ಲಿ ಇದ್ದಿಲು, ಕೂದಲಲ್ಲಿ ಬೂದಿ.

ಅವನು ನನ್ನ ಬೆರಳುಗಳನ್ನೇ ನೋಡುತ್ತ ನಿಂತ.

“ಹೊಗೆ ವಾಸನೆ ಇದೆ ಮೇಡಂ.”

“ಬೀಡಿ ಇರಬಹುದಾ?”

“ಹಸಿ ಸೌದೆ. ಒಣಗಿದ್ದು ಎಡಗಡೆ ಇತ್ತು.”

ಯಾರೂ ನಗಲಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ.

“ಅವತ್ತು ಎಲ್ಲರ ಮುಂದೆ ಅಂದೆ, ಅದಕ್ಕೇ ಇದನ್ನೂ ಎಲ್ಲರ ಮುಂದೆ ಹೇಳ್ತಿದೀನಿ. ತಪ್ಪು ನಂದು. ಕೇಳದೆ, ತಿಳಿಯದೆ ಅಂದೆ. ನಿಮ್ಮನ್ನ ಕಂಡ್ರೆ ನನಗೆ ಏನಾಗತ್ತೆ ಅನ್ನೋದು ಇವರಿಗೆ ಗೊತ್ತಾಗಬಾರದು ಅಂತ ಅಂದೆ. ಹಾಲ್‌ನಲ್ಲಿ ಬಡಿಸೋರ ಲಿಸ್ಟಲ್ಲಿ ಮೊದಲ ಹೆಸರು ನಿಮ್ಮದು. ಅದು ನನ್ನ ಉಪಕಾರ ಅಲ್ಲ, ಕೆಲಸ ನಿಮಗೆ ಬರತ್ತೆ.”

“ನಮಗೆ ಮೊದಲೇ ಗೊತ್ತಿತ್ತು ಬಿಡಿ,” ಎಂದರು ಅಕ್ಕ.

ತಂದಿದ್ದ ಬಿಳಿ ನ್ಯಾಪ್‌ಕಿನ್ನನ್ನು ಅವನ ತೋಳಿನ ಮೇಲೆ ಹಾಕಿದೆ.

“ನಾನು ಪಾಸಾ?”

“ಒಲೆ ಕೆಲಸದಲ್ಲಿ ಫೇಲು,” ಎಂದ. ದನಿ ಮೆತ್ತಗಾಗಿತ್ತು. “ಮಧ್ಯಾಹ್ನದ ಬಸ್ಸಿಗೆ ಹೊರಟ್ರಾ?”

“ವಾರಕ್ಕೆ ಎರಡು ಬಸ್ಸಿದೆಯಲ್ಲ, ಮುಂದಿನದಕ್ಕೆ ಹೋದರಾಯ್ತು.”

ಅವನು ನ್ಯಾಪ್‌ಕಿನ್ ತೆಗೆದು ನನ್ನ ಮೂಗಿನ ಮೇಲಿನ ಮಸಿ ಒರೆಸಿದ. ಆಮೇಲೆ ಅದನ್ನು ಮಡಿಸಿ, ಕಪ್ಪು ಕಲೆ ಹೊರಗೆ ಕಾಣುವಂತೆಯೇ ತೋಳಿನ ಮೇಲೆ ಹಾಕಿಕೊಂಡು, ಊಟದ ಹಾಲ್‌ನ ಬಾಗಿಲು ತೆರೆದು ನನಗಾಗಿ ಹಿಡಿದು ನಿಂತ.