ಆರು ಗಂಟೆಯ ಬೀಗ

"ಏನ್ ಮಾಡ್ತಿದೀಯ?"

ನಾನು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಕಾಣುತ್ತಿದ್ದದ್ದು ಎರಡು ಶೂ ಮಾತ್ರ. ಅಷ್ಟು ಉದ್ದದ ಶೂ ಹಾಕುವವನು ನಮ್ಮ ಕಾಲೇಜಿನಲ್ಲಿ ಒಬ್ಬನೇ. ಜಿರಾಫೆ.

"ಬಿಚ್ತಿದೀನಿ."

"ಯಾವುದನ್ನ?"

"ರಾತ್ರಿ ನೀವೆಲ್ಲ ಸೇರಿ ಫಿಟ್ ಮಾಡಿದ್ದನ್ನ. ಎಲ್ಲಾನೂ."

ಶೂಗಳು ಒಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ ಮಂಡಿ ಕಂಡಿತು, ನಂತರ ಕೈ, ಕೊನೆಗೆ ತಲೆಕೆಳಗಾದ ಒಂದು ಮುಖ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಅಂಥ ಹೊತ್ತಿನಲ್ಲೂ ಇವನ ರೆಪ್ಪೆ ಎಷ್ಟು ಉದ್ದ ಎಂದು ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಸ್ಪ್ಯಾನರನ್ನು ಇನ್ನೂ ಜೋರಾಗಿ ತಿರುಗಿಸಿದೆ.

"ಹುಚ್ಚು ಹಿಡಿದಿದೆಯಾ? ಬ್ರೇಕ್ ಕೂರಿಸೋಕೆ ಇಡೀ ರಾತ್ರಿ ಹಿಡೀತು. ಕಾಂಪಿಟಿಷನ್ ತಲೆ ಮೇಲೆ ಬಂದು ಕೂತಿದೆ!"

"ಗೊತ್ತು. ಕ್ಯಾಪ್ಟನ್ ನಾನು."

ನಮ್ಮ ಮೆಕ್ಯಾನಿಕಲ್ ವಿಭಾಗದವರು ಪ್ರತಿವರ್ಷ ಒಂದು ಪುಟ್ಟ ರೇಸ್ ಕಾರು ಕಟ್ಟಿ ಸ್ಪರ್ಧೆಗೆ ಒಯ್ಯುತ್ತಾರೆ. ವರ್ಕ್‌ಶಾಪಿಗೆ ಒಂದು ನಿಯಮವಿತ್ತು. ಆರು ಗಂಟೆಗೆ ಹುಡುಗಿಯರು ಹೊರಗೆ. ಹುಡುಗರು ಬೇಕಾದಷ್ಟು ಹೊತ್ತು ಇರಬಹುದು. ಹೀಗಾಗಿ ವೆಲ್ಡಿಂಗು, ಎಂಜಿನ್ನು, ಬ್ರೇಕು, ನಿಜವಾದ ಕೆಲಸವೆಲ್ಲ ಆರರ ಮೇಲೆಯೇ ನಡೆಯುತ್ತಿತ್ತು. ಮೊದಲ ವರ್ಷ ನಾನು ಹೋದಾಗ ಸೀನಿಯರ್ ಒಬ್ಬ, "ನಿನ್ನ ಅಕ್ಷರ ಮುತ್ತಿನ ಹಾಗಿದೆ, ಪೋಸ್ಟರ್ ಬರಿ" ಎಂದ. ಹೊಗಳುತ್ತಲೇ ಹೊರಗೆ ಹಾಕುವುದು ಹೇಗೆಂದು ಅವನಿಂದಲೇ ಕಲಿಯಬೇಕು. ಎರಡು ವರ್ಷ ಹಾಸ್ಟೆಲಿನ ಕಿಟಕಿಯಲ್ಲಿ ಕೂತು ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದು ಕೇಳಿದೆ. ಮೂರನೇ ವರ್ಷ ಜಿರಾಫೆಯ ಎದುರು ಕ್ಯಾಪ್ಟನ್ ಚುನಾವಣೆಗೆ ನಿಂತು ಗೆದ್ದೆ. ನನ್ನ ಮೊದಲ ಆದೇಶ: ಆರಾದ ಮೇಲೆ ಯಾರೂ ಕೆಲಸ ಮಾಡುವಂತಿಲ್ಲ, ಹುಡುಗರೂ ಸೇರಿ.

ಆದೇಶವನ್ನು ಅವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು.

"ನಿಂಗೆ ಸಹಾಯ ಆಗ್ಲಿ ಅಂತಾನೇ ಮಾಡಿದ್ದು ಕಣೇ," ಎಂದ ಜಿರಾಫೆ.

"ನನ್ನನ್ನ ಹೊರಗಿಟ್ಟು ಮಾಡೋ ಸಹಾಯ ನಂಗೆ ಬೇಡ. ಈ ಕಾರು ಓಡಿಸೋಳು ನಾನು. ಟ್ರ್ಯಾಕಲ್ಲಿ ಬ್ರೇಕ್ ಕೈಕೊಟ್ರೆ ಏನ್ ಮಾಡ್ಲಿ? ಪೋಸ್ಟರ್ ತೋರಿಸ್ಲಾ?"

ಅವನ ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

"ಸರಿ, ಬಿಚ್ಚು. ಆದ್ರೆ ಒಂದ್ ಮಾತು ಹೇಳ್ತೀನಿ, ಚುಚ್ಚಬೇಡ. ನೀನು ಆರ್ಡರ್ ಮಾಡಿದೆ. ಯಾಕೆ ಅಂತ ಹೇಳಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಗುಂಡುಸೂಜಿ ಕಣೇ ನೀನು."

"ನಿನ್ನನ್ನ ಕೇಳ್ಬೇಕಿತ್ತಾ?"

"ನನ್ನನ್ನಲ್ಲ. ನಮ್ಮನ್ನ."

ನನ್ನ ಸ್ಪ್ಯಾನರ್ ಬೋಲ್ಟಿನಿಂದ ಜಾರಿತು. ಅವನು ತನ್ನ ಉದ್ದ ಮೈಯನ್ನು ಮಡಚಿಕೊಂಡು ಕಾರಿನ ಅಡಿಗೆ ತೂರಿದ. "ಆ ಹದಿಮೂರರ ಸ್ಪ್ಯಾನರ್ ಕೊಡು. ಈ ಕಡೇದು ನಾನು ಬಿಚ್ತೀನಿ."

ರಾತ್ರಿಯಿಡೀ ತಾನೇ ಬಿಗಿದ ಬೋಲ್ಟುಗಳನ್ನು ನನ್ನ ಪಕ್ಕ ಮಲಗಿ ಒಂದೊಂದಾಗಿ ಬಿಚ್ಚಿದ. ಪ್ರೀತಿ ಯಾವಾಗ ಶುರುವಾಯಿತು ಎಂದು ಗೆಳತಿಯರು ಕೇಳುತ್ತಾರೆ. ಗ್ರೀಸಿನ ವಾಸನೆಯಲ್ಲಿ ಶುರುವಾಯಿತು ಎಂದರೆ ನಂಬುವುದಿಲ್ಲ.

ಅಂದು ಮಧ್ಯಾಹ್ನ ಟೀಮಿನವರನ್ನೆಲ್ಲ ಕೂರಿಸಿ, ಮೊದಲ ಸಲ 'ಯಾಕೆ' ಎಂದು ಹೇಳಿದೆ. ಕಿಟಕಿಯ ಬಗ್ಗೆ, ಗ್ರೈಂಡರಿನ ಸದ್ದಿನ ಬಗ್ಗೆ. ಕೊನೆಗೆ, "ಇದು ಆರ್ಡರ್ ಅಲ್ಲ. ಇರ್ತೀರಾ ನನ್ನ ಜೊತೆ?" ಎಂದು ಕೇಳಿದೆ. ಆರು ಹೊಡೆದಾಗ ಮೊದಲು ಸ್ಪ್ಯಾನರ್ ಕೆಳಗಿಟ್ಟವನು ಜಿರಾಫೆ. "ಆರಾಯ್ತು," ಎಂದು ಕೂಗಿದ. ಗೊಣಗುತ್ತಲೇ ಉಳಿದವರೂ ಎದ್ದರು.

ಅಂದಿನಿಂದ ಹಾಸ್ಟೆಲ್ ಗೇಟಿನ ತನಕ ಅವನು ನನ್ನ ಜೊತೆ ನಡೆಯತೊಡಗಿದ. ಅವನ ಒಂದು ಹೆಜ್ಜೆಗೆ ನನ್ನವು ಎರಡು.

"ಇಷ್ಟು ನಿಧಾನಕ್ಕೆ ನಡೀತೀಯಲ್ಲ, ಕಾಲು ನೋವಾ?"

"ಹೂಂ. ಗೇಟ್ ಹತ್ರ ಬಂದ ಹಾಗೆ ನೋವು ಜಾಸ್ತಿ ಆಗುತ್ತೆ."

ನಾನು ತಲೆ ತಗ್ಗಿಸಿ ನಕ್ಕೆ. ಅವನು ಬಗ್ಗಿ ನೋಡಿದ. ಅಷ್ಟು ಎತ್ತರದವನು ನಗು ನೋಡಲು ಬಗ್ಗಬೇಕೆಂದರೆ ಸೊಂಟವನ್ನೇ ಬಗ್ಗಿಸಬೇಕು.

ಆದರೆ ಕೆಲಸ ಹಿಂದೆ ಬಿದ್ದಿತ್ತು. ಸುದ್ದಿ ವಿಭಾಗದ ಮುಖ್ಯಸ್ಥರ, ಅಂದರೆ ಎಚ್‌ಓಡಿ ತನಕ ಹೋಯಿತು. ಒಂದು ಸಂಜೆ ಆರಕ್ಕೆ ನಾವು ಹೊರಗೆ ಬರುವಾಗ ಅವರು ಬಾಗಿಲಲ್ಲೇ ನಿಂತಿದ್ದರು.

"ಹುಡುಗರೇ, ನೀವ್ಯಾಕೆ ಹೊರಗೆ?"

"ಕ್ಯಾಪ್ಟನ್ ಹೊರಗಿದ್ದಾಳೆ ಸರ್," ಎಂದ ಟೀಮಿನಲ್ಲಿ ವೆಲ್ಡಿಂಗ್ ಮಾಡುವವನು.

"ನಿಯಮ ಇರೋದು ಹುಡುಗೀರ ಸುರಕ್ಷತೆಗೆ ಕಣಮ್ಮ," ಎಂದು ಅವರು ನನ್ನತ್ತ ತಿರುಗಿದರು.

"ನಮ್ಮಮ್ಮ ನರ್ಸ್ ಸರ್. ರಾತ್ರಿ ಡ್ಯೂಟಿ ಮಾಡಿಯೇ ನನ್ನನ್ನ ಓದಿಸ್ತಿದಾರೆ. ಆರಾಯ್ತು ಅಂತ ಅವರು ಪೇಷೆಂಟ್‌ಗಳನ್ನ ಬಿಟ್ಟು ಮನೆಗೆ ಬಂದ್ರೆ ನಡಿಯುತ್ತಾ? ನಾನು ಒಳಗಿದ್ರೆ ಅಪಾಯ ಯಾರಿಂದ, ಅದನ್ನಾದ್ರೂ ಹೇಳಿ ಸರ್. ಇವರಿಂದಾನಾ?"

ಹುಡುಗರೆಲ್ಲ ನೆಲ ನೋಡಿದರು. ಎಚ್‌ಓಡಿ ಮುಖ ಕೆಂಪಾಯಿತು. ಜೇಬಿನಿಂದ ವರ್ಕ್‌ಶಾಪಿನ ಕೀಲಿ ತೆಗೆದು ಜಿರಾಫೆಯ ಮುಂದೆ ಹಿಡಿದರು. "ಇವಳ ಹಟಕ್ಕೆ ಕಾರು ಮುಗಿಯಲ್ಲ. ಕಾರು ಮುಗೀಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಟೀಮೇ ಇರಲ್ಲ. ಇವತ್ತಿಂದ ನೀನೇ ಕ್ಯಾಪ್ಟನ್. ತಗೋ, ಬೆಳಗಿನ ತನಕ ಕೆಲಸ ಮಾಡಿ."

ಜಿರಾಫೆ ಕೈ ಚಾಚಿ ಕೀಲಿ ತೆಗೆದುಕೊಂಡ.

ನಾನು ಹಾಸ್ಟೆಲಿನ ಕಡೆ ತಿರುಗಿದೆ. ಕ್ಯಾಪ್ಟನ್ ಪಟ್ಟ ಹೋದದ್ದಕ್ಕಲ್ಲ. ಗೇಟಿನ ತನಕ ನಡೆದ ಅಷ್ಟೂ ಸಂಜೆಗಳು ಸುಳ್ಳಾದವಲ್ಲ ಎಂದು.

ಅವನು ಮೂರೇ ಹೆಜ್ಜೆಯಲ್ಲಿ ನನ್ನ ಬಳಿ ಬಂದ. ನನ್ನ ಅಂಗೈ ಬಿಡಿಸಿ ಕೀಲಿ ಇಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದ.

"ಬೀಗ ಹಾಕು ಕ್ಯಾಪ್ಟನ್. ಆರಾಯ್ತು."

ಹಾಕಿದೆ. ಎಚ್‌ಓಡಿ ಕಣ್ಣೆದುರೇ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟೆ. ನನ್ನ ಬೆನ್ನ ಹಿಂದೆ ಯಾರೋ ಶಿಳ್ಳೆ ಹೊಡೆದರು.

ಮರುದಿನ ವರ್ಕ್‌ಶಾಪ್ ಎಂದಿನಂತೆ ತೆರೆಯಿತು, ಕ್ಯಾಪ್ಟನ್ ಮಾತ್ರ ಬದಲಾಗಲಿಲ್ಲ. ಆಮೇಲೆ ಮಧ್ಯಾಹ್ನದ ಊಟವನ್ನೂ ನಿಂತೇ ಮುಗಿಸಿ ಕೆಲಸ ಮಾಡಿದೆವು. ಟೀಮಿನ ಹುಡುಗಿಯರು ವೆಲ್ಡಿಂಗ್ ಕಲಿತರು, ವೆಲ್ಡಿಂಗ್ ಮಾಡುವವನು ಪೋಸ್ಟರ್ ಬರೆದ. ಅವನ ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಬಣ್ಣ ಹಚ್ಚಲು ಸಮಯವಾಗದೆ ಬರೀ ಕಬ್ಬಿಣದ ಮೈಯಲ್ಲೇ ಕಾರು ಸ್ಪರ್ಧೆಗೆ ಹೋಯಿತು. ಬ್ರೇಕ್ ಪರೀಕ್ಷೆಯಲ್ಲಿ ಪೆಡಲ್ ಒತ್ತಿದೆ, ನಾಲ್ಕೂ ಚಕ್ರ ಒಟ್ಟಿಗೆ ನಿಂತವು. ಬಹುಮಾನ ಬರಲಿಲ್ಲ. ಆದರೆ ನಮ್ಮ ಕಾಲೇಜಿನ ಕಾರು ಓಟವನ್ನು ಪೂರ್ತಿ ಮುಗಿಸಿದ್ದು ಅದೇ ಮೊದಲು.

ಎಚ್‌ಓಡಿ ಸೋಲೊಪ್ಪಲಿಲ್ಲ. 'ಸಮಾನತೆ ಬೇಕಲ್ಲವೇ, ತಗೊಳ್ಳಿ' ಎಂಬಂತೆ ವರ್ಕ್‌ಶಾಪ್ ಎಲ್ಲರಿಗೂ ಆರಕ್ಕೇ ಬಂದ್ ಎಂದು ನೋಟಿಸ್ ಹಾಕಿದರು. ಪ್ರಾಜೆಕ್ಟ್ ಮುಗಿಯದ ಫೈನಲ್ ಇಯರ್ ಹುಡುಗರು ಬೊಬ್ಬೆ ಹಾಕಿದರು. ಅವರ ಬೊಬ್ಬೆ ಮಾತ್ರ ಪ್ರಿನ್ಸಿಪಾಲರಿಗೆ ಬೇಗ ಕೇಳಿಸಿತು. ಹೊಸ ನೋಟಿಸ್ ಬಂತು: ಎಲ್ಲರಿಗೂ ಒಂಬತ್ತರ ತನಕ.

ಆ ನೋಟಿಸಿನ ಮೊದಲ ಸಂಜೆ ಮುಂದಿನ ಕಾರಿನ ಕೆಲಸದಲ್ಲಿದ್ದೆವು. ಆರು ಹೊಡೆಯಿತು. ಅಭ್ಯಾಸಬಲದಿಂದ ನಾನು ಸ್ಪ್ಯಾನರ್ ಕೆಳಗಿಟ್ಟೆ. ಅವನೂ ಇಟ್ಟ. ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾಗಲಿಲ್ಲ.

"ಗೆದ್ವಿ," ಎಂದ ಅವನು. "ಆದ್ರೂ ಯಾಕೋ ಬೇಜಾರು."

"ಯಾಕೆ?"

"ಇಷ್ಟೊತ್ತಿಗೆ ನಿನ್ನ ಜೊತೆ ನಡೀತಿದ್ದೆ. ಇನ್ನು ಒಂಬತ್ತರ ತನಕ ಕಾಯ್ಬೇಕಲ್ಲ."

ಕೈಯಲ್ಲಿದ್ದ ಬಟ್ಟೆಯಿಂದ ಅವನು ಒರೆಸಿದ್ದನ್ನೇ ಒರೆಸುತ್ತಿದ್ದ. ಸುತ್ತ ಟೀಮಿನವರು ಕೆಲಸದಲ್ಲಿದ್ದರು. ಮರೆಯಲ್ಲಿ ಹೇಳುವ ಮಾತೇನೂ ನನ್ನಲ್ಲಿರಲಿಲ್ಲ.

"ಜಿರಾಫೆ, ಇದು ಆರ್ಡರ್ ಅಲ್ಲ. ಕೇಳ್ತಿದೀನಿ. ನನ್ನ ಜೊತೆ ನಡೀತೀಯಾ? ಗೇಟ್ ತನಕ ಅಲ್ಲ, ಅದರಾಚೆಗೂ."

ಅವನ ಕಿವಿ ಕೆಂಪಾದವು. "ಯಾಕೆ ಅಂತ ಹೇಳು ಮೊದಲು."

"ನೀನಂದ್ರೆ ನಂಗೆ ಇಷ್ಟ. ಅದಕ್ಕೆ. ಸಾಕಾ?"

ಗ್ರೈಂಡರ್ ಒಮ್ಮೆಲೇ ನಿಂತಿತು. ಯಾರೋ ಶಿಳ್ಳೆ ಹೊಡೆದರು, ಹೊಡೆಯಲಿ.

"ಸಾಕು," ಎಂದ. "ಬಾ, ಈಗ್ಲೇ ಹೋಗೋಣ."

"ಈಗೆಲ್ಲಿಗೆ? ಇಷ್ಟು ಕಷ್ಟಪಟ್ಟು ಗೆದ್ದಿರೋ ಮೂರು ಗಂಟೆ ಇದೆ. ಹದಿಮೂರರ ಸ್ಪ್ಯಾನರ್ ಕೊಡು."

ಕೊಟ್ಟ. ಕೊಟ್ಟವನು ಬೆರಳು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.