ಕೆಂಪು ಬಟ್ಟೆ ಸುತ್ತಿದ ಗೇರು

ಸಬ್ ಇನ್ಸ್‌ಪೆಕ್ಟರ್ ಮಲಕಪ್ಪ ಪೀಣ್ಯ ಎರಡನೇ ಹಂತದ ಆ ಶೆಡ್ಡಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಹೆಣ ಬಿದ್ದಿತ್ತು, ಇನ್ನೊಂದು ಬೀಳುವುದರಲ್ಲಿತ್ತು.

ಬಿದ್ದದ್ದು ಶೆಡ್ಡಿನ ಯಜಮಾನ ವಿಶ್ವನಾಥ್. ಅಂಗಳದ ಹಿಂಗೋಡೆಯ ಬುಡದಲ್ಲಿ, ಹೊಸ ಪಿಕಪ್ ಗಾಡಿಯ ಮೂತಿಯ ಮುಂದೆ ಕುಸಿದಿದ್ದರು. ತಲೆ ಒಡೆದಿತ್ತು. ಎದೆ ಜಜ್ಜಿ ಹೋಗಿತ್ತು. ಬೀಳಲಿದ್ದದ್ದು ಅವರ ಡ್ರೈವರ್ ಗಂಗಪ್ಪ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಭಾನುವಾರವೂ ಓವರ್‌ಟೈಂ ಮಾಡುತ್ತಿದ್ದವರು ಅವನನ್ನು ಗೇಟಿನ ಬಳಿ ಕೆಡವಿಕೊಂಡು ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದರು.

"ಬಿಡ್ರೋ! ಬಿಡ್ರಿ ಅಂದ್ರ ಬಿಡ್ರಿ!" ಮಲಕಪ್ಪ ಲಾಠಿ ಬೀಸಿದ. ಬಿಜಾಪುರದ ಗಂಟಲು, ಎರಡು ರಸ್ತೆಯಾಚೆಗೂ ಕೇಳುವಂಥದ್ದು. ಜನ ಚದುರಿತು. ಒಬ್ಬ ಮಾತ್ರ ಕದಲಲಿಲ್ಲ. ಬಿಳಿ ಪ್ಯಾಂಟಿನ ಯುವಕ, ಕೈಯಲ್ಲಿ ಕಬ್ಬಿಣದ ಸರಳು. ಅವನು ಎಲ್ಲರೆದುರೇ ಇನ್ನೊಂದು ಏಟು ಹಾಕಿದ. ಗಂಗಪ್ಪನ ಎಡಗೈ ಮೂಳೆ ಲಟಕ್ಕೆಂದಿತು.

"ನಮ್ಮಣ್ಣನ್ನ ಕೊಂದ್ಬಿಟ್ಟ ಸಾರ್! ನಾನು ಶ್ರೀಕಾಂತ್, ಅವರ ತಮ್ಮ. ತಿಪಟೂರಿಂದ ಈಗ ಬಸ್ಸಿಳಿದು ಬರ್ತಿದೀನಿ. ಬಂದು ನೋಡಿದ್ರೆ ಇವನ ಕೈ ತುಂಬಾ ರಕ್ತ!"

ಗಂಗಪ್ಪ ಬಾಯಿಂದ ಹಲ್ಲಿನ ಚೂರು ಉಗಿದ. "ಎತ್ತಕ್ಕೋದೆ ಸಾರ್... ಯಜಮಾನ್ರನ್ನ ಎತ್ತಕ್ಕೋದೆ..." ಎಂದವನೇ ಮೂರ್ಛೆ ಹೋದ.

* * *

ಜೀಪು ಗಂಗಪ್ಪನನ್ನು ಆಸ್ಪತ್ರೆಗೆ ಹೊತ್ತೊಯ್ದ ಮೇಲೆ ಮಲಕಪ್ಪ ಅಂಗಳ ನೋಡಿದ.

ಅಲ್ಲಿ ಎರಡು ಗಾಡಿಗಳಿದ್ದವು. ಎರಡೂ ಬಲಭೀಮ ಪಿಕಪ್. ಒಂದು ಹಳೆಯ ಮಾದರಿ, ಗುಂಡು ದೀಪದ್ದು. ಹನ್ನೆರಡು ವರ್ಷ ಕಬ್ಬಿಣ ಹೊತ್ತು ಬೆನ್ನು ಬಗ್ಗಿತ್ತು. ಇನ್ನೊಂದು ಅದೇ ಬಲಭೀಮದ ಹೊಸ ಅವತಾರ. ಚೌಕ ದೀಪ, ಕಾರಿನಂಥ ಡ್ಯಾಶ್‌ಬೋರ್ಡು, ಐದು ಗೇರು. ಆ ವರ್ಷ ಪೀಣ್ಯದಲ್ಲಿ ಯಾರ ಬಾಯಲ್ಲಿ ಕೇಳಿದರೂ ಅದರದೇ ಮಾತು. ಸೋಮವಾರ ಹಳೆಯದನ್ನು ಶೋರೂಮಿಗೆ ಬಿಟ್ಟುಬರುವುದಿತ್ತು. ಹೊಸದಕ್ಕೆ ಶುಕ್ರವಾರವೇ ಪೂಜೆಯಾಗಿತ್ತು. ಬಾನೆಟ್ಟಿನ ಮೇಲೆ ಬಾಡಿದ ಸೇವಂತಿಗೆ, ಗೇರಿನ ಹಿಡಿಗೆ ಕೆಂಪು ಬಟ್ಟೆ, ಅದರ ಮೇಲೆ ಬಿಗಿಯಾಗಿ ಕಟ್ಟಿದ ಕರಿ ದಾರ. ಅಮಾವಾಸ್ಯೆಯವರೆಗೆ ಅದನ್ನು ಬಿಚ್ಚಬಾರದು. ದೃಷ್ಟಿ ತಾಗುತ್ತದಂತೆ. ತಾಗುವುದು ತಾಗಿಯೇ ಬಿಟ್ಟಿತ್ತು.

ಹೊಸ ಗಾಡಿಯ ಬಂಪರಿನ ಮೇಲೆ ರಕ್ತ. ಗೋಡೆಯ ಗಾರೆ ಕಿತ್ತುಬಂದಿತ್ತು. ಆದರೆ ಗಾಡಿ ಗೋಡೆಯಿಂದ ಒಂದು ಮೊಳ ಹಿಂದಕ್ಕೆ ನಿಂತಿತ್ತು, ರಿವರ್ಸ್ ಗೇರಿನಲ್ಲಿ. ಹಿಂಬಾಗಿಲು ತೆರೆದಿತ್ತು. ಒಳಗೊಂದು ತಾಡಪಾಲು ಮುದುರಿಕೊಂಡು ಮುಂದಕ್ಕೆ ಜಾರಿ ಕ್ಯಾಬಿನ್ನಿಗೆ ಅಂಟಿತ್ತು. ನೆಲದಲ್ಲಿ ರಕ್ತ ಮೆತ್ತಿದ ಚಕ್ರದ ಪಾನಾ.

"ಸೀದಾ ಕೇಸು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೈರಪ್ಪ. "ಹಳೇ ಗಾಡಿ ಮಾರಿದ್ರೆ ರಕ್ತ ಹರಿಯುತ್ತೆ ಅಂತ ಗಂಗಪ್ಪ ಪೂಜೆ ದಿನ ಎಲ್ರ ಮುಂದೆ ಕೂಗಾಡಿದ್ನಂತೆ. ಸೂಪರ್‌ವೈಸರ್ ನಾಣಿನೂ ಕೇಳಿಸ್ಕೊಂಡಿದಾನೆ."

"ಕೂಗಾಡೋ ನಾಯಿ ಕಡಿಯಂಗಿಲ್ಲೋ ಬೈರಪ್ಪ."

ಮಲಕಪ್ಪ ಹಳೆಯ ಗಾಡಿಯ ಬಳಿ ಕುಕ್ಕರಗಾಲಲ್ಲಿ ಕೂತ. ಮೂತಿಗೆ ದಪ್ಪ ಕಬ್ಬಿಣದ ಗಾರ್ಡ್ ಇತ್ತು. ಅದರ ಒಂದು ಪಕ್ಕದ ಬೋಲ್ಟುಗಳು ಬಿಚ್ಚಿದ್ದವು.

ನಾಣಿ ಮುಂದೆ ಬಂದ. ನಡುವಯಸ್ಸಿನ ಪುಕ್ಕಲ, ಕಣ್ಣಲ್ಲಿ ನೀರು. "ಆ ಗಾರ್ಡ್ ಯಜಮಾನ್ರೇ ವೆಲ್ಡ್ ಮಾಡಿದ್ದು ಸಾರ್. ಬಿಚ್ಚಿ ಹೊಸದಕ್ಕೆ ಹಾಕ್ತೀನಿ ಅಂತಿದ್ರು. ಹಳೇ ಗಾಡಿದು ಒಂದಾದ್ರೂ ಹೊಸದಕ್ಕೆ ಬರ್ಬೇಕು, ಅದು ಶುಭ, ನಮ್ಮ ಕಡೆ ಎಲ್ರೂ ಹಂಗೇ ಮಾಡೋದು."

ಗಾರ್ಡಿನ ಹಿಂದೆ ಯಾರೋ ಈಗಷ್ಟೇ ಒರೆಸಿದ್ದರು. ಆದರೆ ಒರೆಸಿದ ಕೈಗೆ ಆತುರವಿತ್ತು. ಸಂದಿಯಲ್ಲಿ ಹಸಿರು ಗಾಜಿನ ಬಳೆಯ ಚೂರೊಂದು ಸಿಕ್ಕಿಕೊಂಡಿತ್ತು. ಅದಕ್ಕೆ ಅಂಟಿದ ಉದ್ದನೆಯ ಕೂದಲು.

ಮಲಕಪ್ಪ ಆ ಚೂರನ್ನು ಕಾಗದದಲ್ಲಿ ಮಡಚಿ ಜೇಬಿಗಿಟ್ಟ. ಮೂರು ತಿಂಗಳ ಹಿಂದೆ ನಾಗಸಂದ್ರದ ಬಳಿ ತುಮಕೂರು ರಸ್ತೆಯಲ್ಲಿ ಗಾರ್ಮೆಂಟ್ಸಿನ ಹುಡುಗಿ ಪಂಕಜಾಳನ್ನು ಯಾವುದೋ ಗಾಡಿ ಗುದ್ದಿ ಅಷ್ಟು ದೂರ ಎಳೆದೊಯ್ದಿತ್ತು. ಚೂರುಚೂರಾದ ಆ ಮೈಯನ್ನು ಒಟ್ಟುಮಾಡಿದವನು ಅವನೇ. ಅವಳ ಒಂದು ಕೈಯಲ್ಲಿ ಹಸಿರು ಬಳೆ ಉಳಿದಿದ್ದವು.

* * *

"ಇನ್ನೂ ಒಳ್ಳೇದಾಯ್ತಲ್ರೀ," ಎಂದರು ಇನ್ಸ್‌ಪೆಕ್ಟರ್, ಸೋಮವಾರ ಬೆಳಿಗ್ಗೆ. "ಡ್ರೈವರ್ ಹುಡುಗೀನ ಗುದ್ದಿದ. ಗಾರ್ಡ್ ಬಿಚ್ಚಿದಾಗ ಯಜಮಾನನಿಗೆ ಗೊತ್ತಾಯ್ತು. ಯಜಮಾನನ್ನ ಮುಗಿಸ್ದ. ಒಂದೇ ಕಲ್ಲಿಗೆ ಎರಡು ಹಕ್ಕಿ. ಸಾಯಂಕಾಲ ಅವನನ್ನ ಸ್ಟೇಷನ್ನಿಗೆ ತನ್ನಿ. ರಾತ್ರಿಯೊಳಗೆ ಬಾಯಿ ಬಿಡಿಸ್ತೀನಿ."

"ಪಕ್ಕೆಲಬು ಮುರದಾವ್ರಿ ಸಾರ್. ಇನ್ನೊಂದು ಏಟು ಬಿದ್ರ ಸಾಯ್ತಾನ."

"ಸಾಯಲ್ಲ ರೀ. ಇಂಥೋರು ಗಟ್ಟಿ ಇರ್ತಾರೆ."

ಮಲಕಪ್ಪನಿಗೆ ಆ ಮಾತಿನ ಮೇಲೆ ಉಗಿಯಬೇಕೆನಿಸಿತು. ಲಾಕಪ್ಪಿನಲ್ಲಿ 'ಗಟ್ಟಿ ಇದ್ದವರು' ಏನಾಗುತ್ತಾರೆಂದು ಅವನು ಕಂಡಿದ್ದ. ಸೆಲ್ಯೂಟ್ ಹೊಡೆದು ಸೀದಾ ಆಸ್ಪತ್ರೆಗೆ ಹೋದ.

ವಾರ್ಡಿನ ಬಾಗಿಲಲ್ಲೇ ಗಂಗಪ್ಪನ ಹೆಂಡತಿ ನಾಗಲಕ್ಷ್ಮಮ್ಮ ಅವನ ಕಾಲು ಹಿಡಿದಳು. "ಸಂಜೀಕೆ ಕರ್ಕೊಂಡೋಯ್ತಾರಂತೆ ಸಾರ್. ಅಲ್ಲೀಗೋದ್ರೆ ಬದುಕಿ ಬರಾಕಿಲ್ಲ. ಅವ್ರು ಯಜಮಾನ್ರಿಗೆ ಎದುರು ನಿಂತಿದ್ದು ಬಾಯಲ್ಲಿ ಮಾತ್ರ ಸಾರ್, ಕೈಯಲ್ಲಲ್ಲ!"

"ಏಳಬೇ ತಂಗಿ, ಏಳು." ಅವಳನ್ನು ದಾಟಿ ಒಳಗೆ ಹೋದ.

ಗಂಗಪ್ಪನಿಗೆ ಮಾತು ತಡೆದು ತಡೆದು ಬರುತ್ತಿತ್ತು. ಭಾನುವಾರ ಹಳೆಯ ಗಾಡಿಗೆ ಕೊನೆಯ ಸಲ ಕೈಮುಗಿಯಲು ಬಂದಿದ್ದ. ಗೇಟಿನ ಒಳಗಿನಿಂದ ಏನೋ ಬಡಿದ ಸದ್ದು, ಒಂದು ನರಳಿಕೆ. ಯಜಮಾನರು ಕೆಲಸದಲ್ಲಿದ್ದಾರೆಂದುಕೊಂಡು, ಮೊನ್ನೆಯ ಜಗಳದ ಮುನಿಸಿನಲ್ಲಿ ಆಚೆ ಮೋರಿ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಆಮೇಲೆ ಹೊಸ ಗಾಡಿ ಶುರುವಾಯಿತು. ಹಿಂದೆಯೇ ಗೋಡೆಗೆ ಗುದ್ದಿದ ಸದ್ದು. ಗೇಟು ಬಡಿದ. ಒಳಗೆ ಇಂಜಿನ್ ಇನ್ನೊಮ್ಮೆ ಗುರ್ರೆಂದು ಆರಿತು. ಕಿಂಡಿಯಲ್ಲಿ ಕೈ ಹಾಕಿ ಅಗುಳಿ ತೆಗೆದು ಒಳಗೆ ಓಡಿದಾಗ ಯಾರೂ ಇರಲಿಲ್ಲ. ಹಿಂಗೋಡೆ ಆಳೆತ್ತರದ್ದು, ಹಾರಿ ಹೋಗಬಹುದಾದದ್ದು.

"ಹಳೇ ಗಾಡಿ ಯಾರ್‍ಯಾರು ಓಡಿಸ್ತಿದ್ರು?"

"ನಾನು, ನಾಣಿಯವ್ರು, ಯಜಮಾನ್ರ ತಮ್ಮ ಚಿಕ್ಕ ಯಜಮಾನ್ರು."

"ಹೊಸಾದು?"

"ನಾನೊಬ್ನೇ ಸಾರ್. ಶೋರೂಮಿನೋರು ನಂಗೇ ಕಲ್ಸಿದ್ದು. ಶುಕ್ರವಾರ ಗಣೇಶನ ಗುಡಿ ಓಣಿಯಿಂದ ಪೂರ್ತಿ ಹಿಂದಕ್ಕೇ ತಂದೆ."

ಶವಾಗಾರದ ಡಾಕ್ಟರು ಚುಟುಕಾಗಿ ಹೇಳಿದರು. ತಲೆಯ ಏಟಿನಿಂದ ಪ್ರಜ್ಞೆ ತಪ್ಪಿತ್ತು, ಜೀವ ಹೋಗಿರಲಿಲ್ಲ. ಕೊಂದದ್ದು ಗಾಡಿ. ಗುದ್ದಿದಾಗ ವಿಶ್ವನಾಥ್ ಬದುಕಿದ್ದರು.

ಮಲಕಪ್ಪ ಶೆಡ್ಡಿಗೆ ಮರಳಿದ. ಹಳೆಯ ಗಾಡಿ ಹತ್ತಿ ಗೇರು ಅಲ್ಲಾಡಿಸಿ ನೋಡಿದ. ಹೊಸದನ್ನು ಹತ್ತಿದ. ಕೆಂಪು ಬಟ್ಟೆಯ ದಾರ ಸಡಿಲಿಸಿ ಹಿಡಿಯ ನೆತ್ತಿ ನೋಡಿದ. ಮತ್ತೆ ಮೊದಲಿದ್ದಂತೆಯೇ ಬಿಗಿದು ಕಟ್ಟಿದ.

"ಬೈರಪ್ಪ, ನಾಣಿನ್ನ ಕರಿ. ಆ ತಮ್ಮನ್ನೂ ಕರಿ. ಗೇಟು ತೆಗೆದಿಡು."

* * *

ಬಿಸಿಲು ಇಳಿಮುಖವಾಗಿತ್ತು. ವಿಶ್ವನಾಥರ ಹೆಂಡತಿ ಹೇಮಲತಾ ಬಾಗಿಲ ಬಳಿ ಕಲ್ಲಿನಂತೆ ನಿಂತಿದ್ದರು. ಸುತ್ತ ಶೆಡ್ಡಿನ ಕೆಲಸಗಾರರು.

"ಗಾಡಿ ಸ್ಟೇಷನ್ನಿಗೆ ಒಯ್ಯೋದೈತಿ," ಎಂದ ಮಲಕಪ್ಪ, ಬೇಸರದವನಂತೆ. "ನಮ್ಮ ಡ್ರೈವರ್ ಬಂದಿಲ್ಲ. ನಾಣಿಯವ್ರ, ಸ್ವಲ್ಪ ಹಿಂದ ತಗೀರಿ."

"ಅಯ್ಯೋ, ಹೊಸ ಗಾಡಿ ಮುಟ್ಟೇ ಇಲ್ಲ ಸಾರ್."

"ಹಳೇದು ಓಡಿಸ್ತಿದ್ರಲ್ಲ? ಹತ್ರಿ."

ನಾಣಿ ದೇವರ ಹೆಸರು ಹೇಳಿ ಹತ್ತಿದ. ಕೀ ತಿರುಗಿಸಿದ. ಗೇರು ಎಡಕ್ಕೆಳೆದು ಮೇಲಕ್ಕೆ ತಳ್ಳಿ, ಕತ್ತು ಹೊರಳಿಸಿ ಹಿಂದೆ ನೋಡುತ್ತಾ ಕ್ಲಚ್ ಬಿಟ್ಟ. ಗಾಡಿ ಮುಂದಕ್ಕೆ ನೆಗೆದು ಗೋಡೆಗೆ ಡಬ್ಬೆಂದು ಗುದ್ದಿ ಆಫ್ ಆಯಿತು. ರಕ್ತದ ಕಲೆಯಿದ್ದ ಜಾಗಕ್ಕೇ.

ಹೇಮಲತಾ ಚೀರಿದರು.

"ಇವನೇ! ಇವನೇ ಸಾರ್!" ಶ್ರೀಕಾಂತ್ ಬಾಗಿಲು ತೆಗೆದು ನಾಣಿಯ ಕಾಲರ್ ಹಿಡಿದೆಳೆದ. ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. "ನಮ್ಮಣ್ಣಂಗೂ ಹಿಂಗೇ ಮಾಡಿದ್ಯೇನೋ, ಬೋಳಿಮಗನೇ!"

ಕೆಲಸಗಾರರು ಮುನ್ನುಗ್ಗಿದರು. ನಿನ್ನೆ ಗಂಗಪ್ಪನ ಮೇಲೆ ಬಿದ್ದ ಕೈಗಳೇ ಇಂದು ನಾಣಿಯ ಮೇಲೆ ಬೀಳಲು ಎದ್ದವು. ಜನಕ್ಕೆ ಹೊಡೆಯಲು ಯಾರಾದರೂ ಆದೀತು.

"ಹಿಂದ ಸರೀರಿ! ಬೈರಪ್ಪ, ನಾಣಿನ್ನ ಹಿಡ್ಕೋ." ಮಲಕಪ್ಪ ಬೆವರು ಒರೆಸಿಕೊಂಡ. "ಶ್ರೀಕಾಂತ್, ನೀವಾದ್ರೂ ಇದನ್ನ ಹಿಂದ ತಗೀರಿ. ಅಣ್ಣಾವ್ರ ರಕ್ತದ ಮ್ಯಾಲೆ ನಿಂತೈತಿ, ನೋಡಾಕ ಆಗಂಗಿಲ್ಲ. ನಿಮಗ ಈ ಗಾಡಿ ಬರ್ತೈತಿ?"

"ಹತ್ತೇ ಇಲ್ಲ ಸಾರ್. ಪೂಜೆಗೂ ಇರ್ಲಿಲ್ಲ ನಾನು. ನೋಡೋಣ ಇರಿ."

ಶ್ರೀಕಾಂತ್ ಹತ್ತಿದ. ಇನ್ನೂ ಏದುಸಿರು, ಕಣ್ಣು ನಾಣಿಯ ಮೇಲೇ. ಎಡಗೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕೆಂಪು ಬಟ್ಟೆಯ ಹಿಡಿಯನ್ನು ಕೆಳಕ್ಕೆ ಅದುಮಿತು, ಬಲಕ್ಕೆ ಸರಿಸಿ ಹಿಂದಕ್ಕೆಳೆಯಿತು. ಗಾಡಿ ಬೆಣ್ಣೆಯಂತೆ ಹಿಂದೆ ಸರಿದು ನಿಂತಿತು.

"ಶಾಬಾಸ್," ಎಂದ ಮಲಕಪ್ಪ. ಕಿಟಕಿಯ ಮೇಲೆ ಕೈಯಿಟ್ಟ. "ಹತ್ತೇ ಇಲ್ಲದ ಗಾಡಿಗೆ ರಿವರ್ಸ್ ಎಲ್ಲೈತಿ ಅಂತ ಹೆಂಗ ಗೊತ್ತಾತು?"

"ಏನ್ ಸಾರ್ ಇದು, ಹಿಡಿ ಮೇಲೆ ಬರ್ದಿರುತ್ತಲ್ಲ."

"ಬಟ್ಟಿ ಸುತ್ಯಾರ. ಬರದದ್ದು ಕಾಣಂಗಿಲ್ಲ. ಹಳೇ ಗಾಡ್ಯಾಗ ಎಡಕ್ಕ ಮ್ಯಾಲ ತಳ್ಳಿದ್ರ ರಿವರ್ಸ್. ಹೊಸಾದ್ರಾಗ ಅದ ಜಾಗಾದಾಗ ಫಸ್ಟ್ ಐತಿ. ರಿವರ್ಸ್ ಬೇಕಂದ್ರ ಕೆಳಗ ಅದುಮಬೇಕು, ಅದು ಹೇಳಿಕೊಡದ ಮೊದಲ್ನೇ ಸಲಕ್ಕ ಯಾರಿಗೂ ಹೊಳಿಯಂಗಿಲ್ಲ. ನಾಣಿ ತಪ್ಪು ಮಾಡ್ಯಾನ ನೋಡು, ಅದಕ್ಕ ಅಂವ ಅಲ್ಲ. ನಿನ್ನೆ ಆ ತಪ್ಪು ಮಾಡಿ, ತಡಕಾಡಿ, ಸರಿ ಜಾಗ ಕಲಿತಂವ ಇವತ್ತ ತಪ್ಪಂಗಿಲ್ಲ."

ಶ್ರೀಕಾಂತನ ಮುಖ ಬಿಳುಚಿತು. ಮರುಗಳಿಗೆ ಅವನ ಕಾಲು ಆಕ್ಸಿಲರೇಟರ್ ತುಳಿಯಿತು.

ಗಾಡಿ ಹಿಂದಕ್ಕೇ ನುಗ್ಗಿತು. ಮಲಕಪ್ಪ ಕಿಟಕಿ ಬಿಡಲಿಲ್ಲ. ಬೂಟು ನೆಲಕ್ಕೆ ಉಜ್ಜಿ ಬೆಂಕಿಯಾಯಿತು. ಒಳಗಿನಿಂದ ಶ್ರೀಕಾಂತ್ ಅವನ ಬೆರಳುಗಳನ್ನು ಮುಷ್ಟಿಯಿಂದ ಜಜ್ಜಿದ, ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದ. ಮಲಕಪ್ಪ ಇನ್ನೊಂದು ಕೈ ಒಳಗೆ ತೂರಿಸಿ ಸ್ಟಿಯರಿಂಗ್ ಹಿಡಿದು ತನ್ನೆಲ್ಲ ತೂಕ ಹಾಕಿ ಜಗ್ಗಿದ. ಗಾಡಿ ಓರೆಯಾಗಿ ಗೇಟಿನ ಕಲ್ಲುಕಂಬಕ್ಕೆ ಅಪ್ಪಳಿಸಿತು. ಮಲಕಪ್ಪ ಧೂಳಿನಲ್ಲಿ ಉರುಳಿದ. ಬಾಗಿಲು ತೆರೆದು ಓಡಹೊರಟ ಶ್ರೀಕಾಂತನ ಮೊಣಕಾಲಿಗೆ ಬೈರಪ್ಪನ ಲಾಠಿ ಬಿತ್ತು. ಅವನು ಮುಗ್ಗರಿಸಿದ. ಜನ ಅವನನ್ನು ಸುತ್ತುವರಿಯಿತು.

ಮಲಕಪ್ಪ ಎದ್ದುಬಂದು ಅವನ ಮೇಲೆ ಅಡ್ಡ ನಿಂತ. ತುಟಿ ಒಡೆದಿತ್ತು. "ಯಾರರ ಇವನ್ನ ಮುಟ್ಟಿದ್ರ ಅವರನ್ನೂ ಒಳಗ ಹಾಕ್ತೀನಿ. ಒಬ್ಬನ್ನ ಅರ್ಧ ಕೊಂದೀರಿ, ಸಾಕು."

ಆಮೇಲೆ ಶ್ರೀಕಾಂತನನ್ನು ಎಳೆದು ಕೂರಿಸಿ ಬಿಡಿಸಿ ಹೇಳಿದ. "ನಿನ್ನೆ ಅಣ್ಣ ಗಾರ್ಡ್ ಬಿಚ್ಚಿದ. ಹಿಂದ ಬಳಿ, ಕೂದಲ ಸಿಕ್ಕವು. ನಿನ್ನನ್ನ ಕರೆಸಿ ಕೇಳಿದ. ನೀ ಪಾನಾ ತಗೊಂಡು ತಲಿಗೆ ಹಾಕಿದಿ. ಸತ್ತ ಅಂದ್ಕೊಂಡಿ. ಸಾಗಿಸಾಕ ಗಾಡ್ಯಾಗ ತಾಡಪಾಲು ಹಾಸಿದಿ. ಅಣ್ಣ ಬಿದ್ದಿದ್ದು ಗಾಡಿಗೂ ಗೋಡಿಗೂ ನಡುವ, ಎತ್ತಾಕ ಜಾಗ ಇಲ್ಲ. ಗಾಡಿ ಹಿಂದ ತಗೋಬೇಕಿತ್ತು. ಕೈಗೆ ಹಳೇ ರೂಢಿ, ಮುಂದ ಹಾರಿತು. ಹಾಸಿದ ತಾಡಪಾಲು ಆ ಹೊಡೆತಕ್ಕ ಮುಂದ ಜಾರಿತು. ತಡಕಾಡಿ ರಿವರ್ಸ್ ಹಾಕೂದ್ರಾಗ ಗಂಗಪ್ಪ ಗೇಟು ಬಡಿದ, ನೀ ಹಿಂಗೋಡಿ ಹಾರಿ ಸುತ್ತಿ ಬಂದು ಈಗ ಬಸ್ಸಿಳಿದೆ ಅಂದಿ. ಗುದ್ದಿ ಕೊಲ್ಲಬೇಕು ಅನ್ನಾಂವ ಮೊದಲ ತಾಡಪಾಲು ಹಾಸಂಗಿಲ್ಲ. ಗಂಗಪ್ಪಗ ಈ ಗೇರು ಬರ್ತಿತ್ತು, ಅಂವ ಆಗಿದ್ರ ಗಾಡಿ ಮುಂದ ಹೋಗ್ತಿರಲಿಲ್ಲ. ಸುಳ್ಳೇನು?"

"ಅಣ್ಣ ಸ್ಟೇಷನ್ನಿಗೆ ಹೋಗೋಣ ಅಂದ." ಶ್ರೀಕಾಂತನ ದನಿ ಸಣ್ಣಗಾಗಿತ್ತು. "ಆ ಹುಡುಗಿ ತಾನಾಗೇ ಅಡ್ಡ ಬಂದ್ಳು ಸಾರ್. ಗಂಗಪ್ಪ ರಜೆ ಹಾಕಿದ್ದ. ಎಮ್ಮೆಗೆ ಗುದ್ದಿದೆ ಅಂತ ಹೇಳಿ ದೀಪ ಬದಲಾಯಿಸ್ದೆ. ಎಲ್ಲಾ ಮುಗೀತು ಅಂದ್ಕೊಂಡಿದ್ದೆ. ಈ ದರಿದ್ರ ಹೊಸ ಗಾಡಿ ಬರ್ದೇ ಇದ್ದಿದ್ರೆ..."

ಹೇಮಲತಾ ಮೈದುನನ ಹತ್ತಿರ ಬಂದರು. ಹೊಡೆಯಲಿಲ್ಲ, ಬೈಯಲಿಲ್ಲ. "ನಿಂಗೆ ನಾನೇ ಕೈತುತ್ತು ಹಾಕಿದ್ನಲ್ಲೋ," ಎಂದಷ್ಟೇ ಹೇಳಿ ಅಲ್ಲೇ ಕುಸಿದರು.

* * *

ಸಂಜೆ ಗಂಗಪ್ಪನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಬಂದವನು ಮಲಕಪ್ಪನೊಬ್ಬನೇ, ಮಣಿಕಟ್ಟಿಗೆ ಬ್ಯಾಂಡೇಜು ಕಟ್ಟಿಸಿಕೊಂಡು. ವಿಷಯ ಕೇಳಿ ನಾಗಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಗಂಗಪ್ಪ ಅಳಲಿಲ್ಲ.

"ಸಾರ್, ಒಂದು ಕೇಳ್ಲಾ?"

"ಕೇಳಪಾ."

"ಮೊದಲ್ನೇ ಸದ್ದು ಕೇಳ್ದಾಗ್ಲೇ ನಾನು ಒಳೀಕೆ ಓಗ್ಬೋದಿತ್ತು. ಮುನಿಸ್ಕೊಂಡು ಬೀಡಿ ಸೇದ್ತಾ ಕೂತೆ. ಗಾಡಿ ಗುದ್ದೋ ಒತ್ನಲ್ಲಿ ನಮ್ಮ ಯಜಮಾನ್ರು ಬದುಕಿದ್ರಾ ಸಾರ್?"

ನಾಗಲಕ್ಷ್ಮಮ್ಮ ಬಿಕ್ಕುವುದನ್ನು ನಿಲ್ಲಿಸಿದಳು. ಡಾಕ್ಟರು ಹೇಳಿದ್ದು ಮಲಕಪ್ಪನಿಗೆ ನೆನಪಿತ್ತು. ಹದಿನೈದು ವರ್ಷದ ನೌಕರಿಯಲ್ಲಿ ಅವನು ಬೇರೆಯವರ ಬಾಯಿಂದ ನಿಜ ಹೊರಡಿಸುವುದನ್ನೇ ಕಲಿತಿದ್ದ.

"ಇಲ್ಲೋ ತಮ್ಮಾ," ಎಂದ. "ಮೊದಲನೇ ಏಟಿಗೇ ಹೋಗಿತ್ತು ಜೀವ. ನೀ ಹಾರಿ ಬಂದಿದ್ರೂ ಸಿಗ್ತಿರಲಿಲ್ಲ."

ಗಂಗಪ್ಪ ಆಗ ಅತ್ತ.